ಟ್ಯಾಂಕಿನ ಕೆಳಗಿನ ಆ ರಿಂಗ್

ಬೆಳಿಗ್ಗೆ ಕಾಲೇಜು ಬಸ್ ಹೊರಡೋ ಮುಂಚೆ ಡ್ರೈವರಣ್ಣ ಬಗ್ಗಿ, ಏರ್ ಟ್ಯಾಂಕಿನ ಕೆಳಗಿರೋ ರಿಂಗ್ ಎಳೀತಾರೆ. ‘ಠುಸ್’ ಅಂತ ಗಾಳಿ, ಜೊತೆಗೆ ಒಂದಿಷ್ಟು ಕಂದು ನೀರು. ಎರಡು ವರ್ಷ ಅದನ್ನು ನೋಡ್ತಾನೇ ಇಯರ್‌ಫೋನ್ ಹಾಕ್ಕೊಂಡು ಬಸ್ ಹತ್ತಿದವರು ನಾವು. ಅದು ಯಾಕೆ ಅಂತ ಗೊತ್ತಾಗಿದ್ದು, ಗೆಳೆಯನ ಮಾವನ ಹಳೇ ಜೀಪಿಗೆ ಕಂಪ್ರೆಸರ್ ಕೂರಿಸಿದ ಮೇಲೆ.

ಮಲೆನಾಡಿನ ಕೆಸರಲ್ಲಿ ಟಯರ್ ಗಾಳಿಯನ್ನು 30 ಪಿಎಸ್‌ಐಯಿಂದ 15ರ ಹತ್ತಿರಕ್ಕೆ ಇಳಿಸಿದರೆ ಹಿಡಿತ ಸಿಗುತ್ತೆ. ಟಾರ್ ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಿಸಲೇಬೇಕು, ಇಲ್ಲಾಂದ್ರೆ ಟಯರ್ ಕಾದು ಹಾಳಾಗುತ್ತೆ. ಪಂಕ್ಚರ್ ಅಂಗಡಿ ಹುಡುಕೋ ಬದಲು ಕಂಪ್ರೆಸರನ್ನೇ ಜೀಪಲ್ಲಿ ಇಟ್ಕೊಳ್ಳೋಣ ಅಂತ ಹೊರಟ್ವಿ.

ಮೊದಲ ಎಡವಟ್ಟು ವೈರಿಂದು. ಕಂಪ್ರೆಸರ್ ಎಳೆಯೋದು 30 ಆಂಪ್ಸ್. ನಾವು ಹಾಕಿದ್ದು ಕೈಗೆ ಸಿಕ್ಕ 1.5 ಚದರ ಮಿ.ಮೀ. ವೈರು, ಬ್ಯಾಟರಿಯಿಂದ ಹಿಂದಕ್ಕೆ ಹೋಗಿ ಬರೋಕೆ 8 ಮೀಟರ್. ಲೆಕ್ಕ ಹಾಕಿ ನೋಡಿ: ವೈರಲ್ಲೇ ಎರಡೂಮುಕ್ಕಾಲು ವೋಲ್ಟ್ ಹೋಗುತ್ತೆ, 80 ವಾಟ್‌ಗೂ ಮೇಲೆ ಶಾಖ. ಫ್ಯೂಸೂ ಇರಲಿಲ್ಲ. ಇನ್ಸುಲೇಶನ್ ಕರಗಿದ ವಾಸನೆ ಬಂದಾಗ ಬ್ಯಾಟರಿ ಟರ್ಮಿನಲ್ ಕಿತ್ತಿದ್ದಕ್ಕೆ ಜೀಪು ಉಳೀತು. ಓಮ್ಸ್ ಲಾ ಪರೀಕ್ಷೆಯಲ್ಲಿ ನಮಗೆಲ್ಲ ಒಳ್ಳೇ ಮಾರ್ಕ್ಸೇ ಬಂದಿತ್ತು! ಈಗ 10 ಚದರ ಮಿ.ಮೀ. ಕೇಬಲ್, ರಿಲೇ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇದೆ.

ಟ್ಯಾಂಕಿಗೆ ಗುಜರಿಯಿಂದ ಹಳೇ ಸಿಲಿಂಡರ್ ತಂದಿದ್ವಿ. ವೆಲ್ಡಿಂಗ್ ಶಾಪಿನ ಅಣ್ಣ ತಟ್ಟಿ ನೋಡಿ, “ಇದಕ್ಕೆ ನಾನ್ ಕೈ ಹಾಕಲ್ಲ, ಒಡೆದ್ರೆ ಯಾರ್ ಜವಾಬ್ದಾರಿ?” ಅಂದ್ರು. ಆಗ ಬೇಜಾರಾಗಿತ್ತು. ಸೇಫ್ಟಿ ವಾಲ್ವ್ ಇರೋ ಸರಿಯಾದ ಟ್ಯಾಂಕನ್ನೇ ಕೊಂಡ್ವಿ. ಆದ್ರೆ ಜಾಗ ಸಾಲದೆ ಡ್ರೈನ್ ಪ್ಲಗ್ ಮೇಲ್ಮುಖವಾಗಿ ಬರೋ ಹಾಗೆ ಕೂರಿಸಿಬಿಟ್ವಿ.

ಮಳೆಗಾಲದ 30 ಡಿಗ್ರಿ ಗಾಳಿಯಲ್ಲಿ, ಆರ್ದ್ರತೆ 80% ಇದ್ದರೆ, ಘನ ಮೀಟರಿಗೆ ಸುಮಾರು 24 ಗ್ರಾಂ ನೀರಾವಿ ಇರುತ್ತೆ. 100 ಪಿಎಸ್‌ಐಗೆ ಒತ್ತಿ ತಣಿಸಿದರೆ ಅದರಲ್ಲಿ 20 ಗ್ರಾಂನಷ್ಟು ನೀರಾಗಿ ಬೇರೆಯಾಗುತ್ತೆ. ನಾಲ್ಕು ಟಯರ್ ತುಂಬಿಸಿದರೆ ಒಂದು ಟೀ ಚಮಚ. ಅಷ್ಟೇನಾ ಅನ್ಸುತ್ತೆ. ಆದ್ರೆ ಇಡೀ ಮಳೆಗಾಲ ಓಡಾಡಿ, ಕೊನೆಗೆ ಟ್ಯಾಂಕ್ ಬಿಚ್ಚಿ ಬೋರಲು ಹಾಕಿದಾಗ ಸುರಿದದ್ದು ಚಹಾ ಬಣ್ಣದ ನೀರು. ಒಳಗೆ ತುಕ್ಕು ಹಿಡಿದು ಗೋಡೆ ತೆಳುವಾಗ್ತಾ ಹೋಗೋದು ಹೊರಗಿನ ಪೇಂಟ್ ನೋಡಿದ್ರೆ ಕಾಣಲ್ಲ. ನಾವೋ, ಅದರ ಮೇಲೇ ಕೂತು ಓಡಾಡ್ತಿದ್ವಿ.

ಡ್ರೈವರಣ್ಣಂಗೆ ಹೇಳಿದ್ವಿ. “ನೀರ್ ಬಿಡ್ದೆ ಹಂಗೇ ಓಡಿಸ್ತಿದ್ರೇನ್ರಪ್ಪಾ?” ಅಂತ ನಕ್ಕರು. ಬ್ರೇಕಿನ ಗಾಳಿಗೆ ನೀರು ಸೇರಿದ್ರೆ ವಾಲ್ವ್ ಕೆಡುತ್ತೆ ಅಂತ ವಿವರಿಸಿದವರೂ ಅವರೇ.

ನಮ್ಮ ತಕರಾರು ನಮ್ಮ ಮೇಲೂ ಇದೆ, ಪ್ರಾಜೆಕ್ಟ್ ಮೌಲ್ಯಮಾಪನದ ಮೇಲೂ ಇದೆ. ಡೆಮೋ ದಿನ ಓಡಿದರೆ ಸಾಕು, ಪೂರ್ತಿ ಅಂಕ. ಆರು ತಿಂಗಳಾದ ಮೇಲೆ ಅದು ಹೇಗಿದೆ, ಫಿಲ್ಟರ್ ಯಾರು ಒರೆಸಿದ್ರು, ಜಾಯಿಂಟಿಗೆ ಸೋಪಿನ ನೀರು ಹಚ್ಚಿ ಲೀಕ್ ನೋಡಿದ್ರಾ ಅಂತ ಯಾರೂ ಕೇಳಲ್ಲ. ಹತ್ತು ಅಂಕವಾದ್ರೂ ಅದಕ್ಕಿಡಿ ಅಂತ ವಿಭಾಗಕ್ಕೆ ಪತ್ರ ಬರೆದಿದ್ದೀವಿ. ಸಹಿ ಹಾಕೋರು ಬನ್ನಿ. ಶನಿವಾರ ವರ್ಕ್‌ಶಾಪ್ ಹಿಂದೆ ಹೊಸ ಟ್ಯಾಂಕ್ ಕೂರಿಸ್ತಾ ಇರ್ತೀವಿ, ಈ ಸಲ ಡ್ರೈನ್ ಕೆಳಕ್ಕೆ ಮಾಡಿ.