ಅಧಿಕಾರಾನಂತರದ ಕರ್ತವ್ಯ

ಅಧಿಕಾರವನ್ನು ಪಡೆಯುವ ಬಗೆಯನ್ನು ಕುರಿತು ನಮ್ಮ ಜನರು ಹಗಲಿರುಳು ಚರ್ಚಿಸುವರು. ಅದನ್ನು ನಡೆಸುವ ಬಗೆಯನ್ನು ಕುರಿತು ಕೆಲವರು ವಿಚಾರಿಸುವರು. ಆದರೆ ಅದು ಕೈಬಿಟ್ಟ ಮೇಲೆ ಮನುಷ್ಯನು ಮಾಡತಕ್ಕದ್ದೇನೆಂಬುದನ್ನು ವಿಚಾರಿಸುವವರು ತೀರ ವಿರಳ. ಅಧಿಕಾರವು ಬಾರದವರು ಲೋಕದಲ್ಲಿ ಬಹಳ ಮಂದಿ ಇರುವರು; ಬಂದ ಅಧಿಕಾರವು ಹೋಗದವರು ಮಾತ್ರ ಒಬ್ಬರೂ ಇಲ್ಲ. ಹೀಗಿದ್ದೂ ಈ ವಿಷಯದಲ್ಲಿ ನಾವು ಇಷ್ಟು ಉದಾಸೀನರಾಗಿರುವುದು ಆಶ್ಚರ್ಯವೇ ಸರಿ.

ನಿನ್ನೆಯವರೆಗೆ ಬಾಗಿಲಲ್ಲಿ ಪಟ್ಟೇವಾಲನು ನಿಂತಿದ್ದನು, ಅಂಗಳದಲ್ಲಿ ಅರ್ಜಿದಾರರು ಕುಳಿತಿದ್ದರು, ಬೀದಿಗಿಳಿದರೆ ನಾಲ್ಕು ಕಡೆಯಿಂದ ನಮಸ್ಕಾರಗಳು ಬರುತ್ತಿದ್ದವು. ಇಂದು ಅಂಗಳವು ಬರಿದಾಗಿದೆ. ಆ ನಮಸ್ಕಾರಗಳು ತನಗೆ ಬಂದವೆಂದು ತಿಳಿದಿದ್ದವನಿಗೆ ಅವು ಕುರ್ಚಿಗೆ ಬಂದವೆಂಬುದು ಈಗ ತಿಳಿಯುತ್ತದೆ. ಈ ತಿಳಿವಳಿಕೆಯು ಕಹಿಯಾದುದು. ಇದನ್ನು ಜೀರ್ಣಿಸಿಕೊಳ್ಳಲಾರದವರಲ್ಲಿ ಕೆಲವರು ಮನೆಯ ಮೂಲೆಯಲ್ಲಿ ಕೊರಗುವರು. ಮತ್ತೆ ಕೆಲವರು ಹಳೆಯ ಕುರ್ಚಿಯ ಸುತ್ತಲೇ ಸುಳಿದಾಡುತ್ತ, ಬಳಿಕ ಬಂದವನ ಕೆಲಸದಲ್ಲಿ ಕೈಹಾಕುತ್ತ, ಊರಿನಲ್ಲಿ ಎರಡು ಪಕ್ಷಗಳನ್ನು ಕಟ್ಟುವರು. ಮೊದಲನೆಯದರಿಂದ ಒಂದು ಮನೆಗೆ ದುಃಖ. ಎರಡನೆಯದರಿಂದ ಊರಿಗೇ ಹಾನಿ.

ಇದಕ್ಕಿಂತ ಉತ್ತಮವಾದ ದಾರಿಯನ್ನು ಕಾಣಲು ಕೊಣ್ಣೂರಿನ ಜನರು ದೂರ ಹೋಗಬೇಕಾಗಿಲ್ಲ. ಸಮೀಪದ ಘಟಪ್ರಭೆಯಲ್ಲಿರುವ ಕರ್ನಾಟಕ ಆರೋಗ್ಯಧಾಮದ ಚರಿತ್ರೆಯೇ ಅದನ್ನು ಹೇಳುತ್ತದೆ. ಡಾ. ಕೊಕಟನೂರರು 1929ರಲ್ಲಿ ಕಟ್ಟಿದ ಈ ಸಂಸ್ಥೆಯೊಡನೆ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರ ಹೆಸರು ಬೆರೆತುಹೋಗಿದೆ. ಹರ್ಡೀಕರರು ಅಮೇರಿಕೆಯಲ್ಲಿ ಆರೋಗ್ಯಶಾಸ್ತ್ರವನ್ನು ಓದಿದವರು. ಅಲ್ಲಿ ಲಾಲಾ ಲಜಪತರಾಯರ ಬಲಗೈಯಾಗಿ ದೇಶಕಾರ್ಯವನ್ನು ಮಾಡಿದವರು. ನಾಗಪುರದ ಧ್ವಜಸತ್ಯಾಗ್ರಹದಲ್ಲಿ ಸೆರೆಮನೆಯನ್ನು ಕಂಡುಬಂದು, 1923ರ ಕೊನೆಗೆ ಕಾಕಿನಾಡದ ಕಾಂಗ್ರೆಸ್ಸಿನಲ್ಲಿ ಅವರು ಹಿಂದುಸ್ತಾನಿ ಸೇವಾದಳಕ್ಕೆ ಅಸ್ತಿವಾರ ಹಾಕಿದರು. ಪಂಡಿತ ಜವಾಹರಲಾಲ ನೆಹರೂ ಅವರು ಅದರ ಮೊದಲನೆಯ ಅಧ್ಯಕ್ಷರು. ಹರ್ಡೀಕರರು ಅದರ ಪ್ರಾಣ. ಸರಕಾರದ ಮುದ್ರೆಯಿಲ್ಲದಿದ್ದರೂ, ಒಂದು ಕರೆಗೆ ನಾನಾ ಪ್ರಾಂತಗಳ ತರುಣರು ಸಾಲುಗಟ್ಟಿ ನಿಲ್ಲುವಂತೆ ಮಾಡುವ ಅಧಿಕಾರವು ಸಣ್ಣದಲ್ಲ.

1931ರಲ್ಲಿ ಕಾಂಗ್ರೆಸ್ಸು ಆ ದಳವನ್ನು ತನ್ನ ಅಂಗವಾಗಿ ತೆಗೆದುಕೊಂಡಿತು; 1932ರಲ್ಲಿ ಬ್ರಿಟಿಷ್ ಸರಕಾರವು ಅದನ್ನು ನಿಷೇಧಿಸಿತು. 1934ರಲ್ಲಿ ಕಾಂಗ್ರೆಸ್ಸಿನ ಮೇಲಿನ ನಿರ್ಬಂಧವು ಹೋದರೂ ದಳದ ಮೇಲಿನದು ಹೋಗಲಿಲ್ಲ. ತಾನು ಕಟ್ಟಿದ ಸೈನ್ಯವು ಕಣ್ಣೆದುರಿಗೆ ಚದರಿಹೋಗುವುದನ್ನು ನೋಡಿದ ಸೇನಾನಿಯ ಮನಸ್ಸು ಹೇಗಿದ್ದೀತೆಂಬುದನ್ನು ವಾಚಕರೇ ಊಹಿಸಲಿ. ಆದರೆ ಹರ್ಡೀಕರರು ಘಟಪ್ರಭೆಯ ದಡದಲ್ಲಿ ರೋಗಿಗಳ ಸೇವೆಯ ಕಾರ್ಯಕ್ಕೆ ಹೆಗಲು ಕೊಟ್ಟರು. ಆಸ್ಪತ್ರೆಯಲ್ಲಿ ಮೆರವಣಿಗೆಯಿಲ್ಲ, ಜಯಘೋಷವಿಲ್ಲ. ಪ್ರತಿದಿನವೂ ಬೆಳಗಾದರೆ ಹೊಸ ರೋಗಿ, ಹಳೆಯ ಲೆಕ್ಕ. ಮುಂದೆ 1952ರಿಂದ 1962ರವರೆಗೆ ಅವರು ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಪ್ರಶಸ್ತಿಯೂ ಬಂದಿತು. ಸ್ಥಾನಮಾನಗಳು ಬಂದವು, ಹೋದವು, 1975ರಲ್ಲಿ ಅವರು ತೀರಿಕೊಂಡರು, ಆರೋಗ್ಯಧಾಮವು ಉಳಿಯಿತು.

ಇದೇ ಜಿಲ್ಲೆಯ ಹುದಲಿಯ ಗಂಗಾಧರರಾವ್ ದೇಶಪಾಂಡೆಯವರ ಮಾತೂ ಅಂಥದೇ. 1924ರ ಬೆಳಗಾವಿಯ ಕಾಂಗ್ರೆಸ್ಸಿನ ಸ್ವಾಗತಾಧ್ಯಕ್ಷರು, ಕರ್ನಾಟಕದ ಸಿಂಹವೆಂದು ಹೆಸರಾದವರು, ಹುಟ್ಟಿದ ಹಳ್ಳಿಯಲ್ಲಿ ನೂಲಿನ ಕೆಲಸವನ್ನು ಬೆಳೆಯಿಸಿ ಖಾದಿಯ ಭಗೀರಥರೆನಿಸಿದರು. 1937ರಲ್ಲಿ ಗಾಂಧಿ ಸೇವಾ ಸಂಘದ ಅಧಿವೇಶನಕ್ಕಾಗಿ ಮಹಾತ್ಮರು ಬಂದುದು ಆ ಹಳ್ಳಿಗೇ. ಇನ್ನು ಮೈಸೂರಿನ ಕಡೆಗೆ ನೋಡಿದರೆ, ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದು, ಅಭಿಪ್ರಾಯಭೇದವುಂಟಾದಾಗ ಆ ಪದವಿಯನ್ನು ಬಿಟ್ಟರು. ಇಡೀ ಸಂಸ್ಥಾನವನ್ನು ಆಳಿದ ಕೈ ಮುಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೊಂದರ ಲೆಕ್ಕವನ್ನು ತಿದ್ದಲು ಹಿಂಜರಿಯಲಿಲ್ಲ. 1934ರಲ್ಲಿ ದೇಶದ ಯೋಜನಾಬದ್ಧ ಅರ್ಥವ್ಯವಸ್ಥೆಯನ್ನು ಕುರಿತು ಗ್ರಂಥವನ್ನು ಬರೆದರು. 1962ರಲ್ಲಿ ಕಣ್ಣುಮುಚ್ಚುವವರೆಗೆ, ದಿವಾನಗಿರಿಯ ಆರು ವರ್ಷಗಳಿಗಿಂತ ಏಳು ಪಟ್ಟು ದೀರ್ಘವಾದ ಕಾಲವನ್ನು ಅವರು ಆ ಪದವಿಯಿಲ್ಲದೆಯೇ ಬಾಳಿದರು.

ಈ ಮೂವರಲ್ಲಿಯೂ ಕಾಣುವ ಸಾಮಾನ್ಯ ಲಕ್ಷಣವೇನು? ಬಿಟ್ಟುದಕ್ಕಿಂತ ಚಿಕ್ಕದಾದ ಕೆಲಸವನ್ನು ಹಿಡಿಯಲು ಅವರಿಗೆ ನಾಚಿಕೆಯಾಗಲಿಲ್ಲ. ಅಧಿಕಾರದಲ್ಲಿದ್ದಾಗಲೂ ಅವರ ಪ್ರೀತಿಯು ಕೆಲಸದ ಮೇಲಿತ್ತೇ ಹೊರತು ಕುರ್ಚಿಯ ಮೇಲಿರಲಿಲ್ಲ. ಆದುದರಿಂದ ಕುರ್ಚಿಯು ಹೋದಾಗ ಪ್ರೀತಿಗೆ ಆಧಾರವು ತಪ್ಪಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಈ ವಿಷಯದ ಮರ್ಮವೆಲ್ಲ ಇಷ್ಟೇ. ನಿವೃತ್ತಿಯ ಸಿದ್ಧತೆಯು ನಿವೃತ್ತಿಯ ದಿನ ಆರಂಭವಾಗುವಂಥದಲ್ಲ, ಅಧಿಕಾರವನ್ನು ವಹಿಸಿಕೊಂಡ ದಿನವೇ ಆರಂಭವಾಗತಕ್ಕದ್ದು.

ಇವೆಲ್ಲ ಮಹಾಪುರುಷರ ಮಾತು, ಸಾಮಾನ್ಯರಿಗೆ ಸಲ್ಲದೆಂದು ಕೆಲವರು ಆಕ್ಷೇಪಿಸಬಹುದು. ನಾವು ಒಪ್ಪುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಅರವತ್ತಕ್ಕೆ ನಿವೃತ್ತರಾಗಿ ಇನ್ನೂ ಗಟ್ಟಿಯಾಗಿರುವ ತಹಶೀಲದಾರರು, ಅಭಿಯಂತರರು, ಮುಖ್ಯಾಧ್ಯಾಪಕರು ಎಷ್ಟು ಮಂದಿಯಿಲ್ಲ? ಅವಧಿ ಮುಗಿದ ಅಧ್ಯಕ್ಷರು, ಸೋತ ಸದಸ್ಯರು ಎಷ್ಟು ಮಂದಿಯಿಲ್ಲ? ಉತಾರದಲ್ಲಿ ವಾರಸಾ ಹೆಸರನ್ನು ಏರಿಸುವ ಕ್ರಮವನ್ನು ನಿವೃತ್ತ ಕಂದಾಯ ಅಧಿಕಾರಿಯಷ್ಟು ಬಲ್ಲವರು ಯಾರು? 2019ರ ಆಗಸ್ಟಿನಲ್ಲಿ ಘಟಪ್ರಭೆಯು ಉಕ್ಕಿ ಗೋಕಾಕದ ಬೀದಿಗಳಿಗೆ ನುಗ್ಗಿದಾಗ, ಇಂಥ ಕಾಗದಪತ್ರಗಳ ಬೆಲೆಯೇನೆಂಬುದು ಮನೆ ಕಳೆದುಕೊಂಡ ಬಡವರಿಗೆ ತಿಳಿಯಿತು. ಅರ್ಜಿಯನ್ನು ಬರೆಯಲರಿಯದ ರೈತನು ದಲ್ಲಾಳಿಯ ಹಿಂದೆ ಅಲೆಯುತ್ತಿರುವಾಗ, ಅದೇ ಅರ್ಜಿಗಳ ಮೇಲೆ ಮೂವತ್ತು ವರ್ಷ ಸಹಿ ಹಾಕಿದವರು ಕಟ್ಟೆಯ ಮೇಲೆ ಕುಳಿತು ಕಾಲವು ಕೆಟ್ಟಿತೆಂದು ನುಡಿಯುವುದು ಶೋಭಿಸುವುದಿಲ್ಲ.

ವಾರಕ್ಕೆರಡು ದಿನ ವಾಚನಾಲಯದಲ್ಲಿ ಕುಳಿತು ಬಂದವರ ಕಾಗದಗಳನ್ನು ನೋಡಿಕೊಡಲಿ. ಗಣಿತದಲ್ಲಿ ಹಿಂದುಳಿದ ಹತ್ತು ಹುಡುಗರಿಗೆ ಕಲಿಸಲಿ. ಆಸ್ಪತ್ರೆಯ ಬಾಗಿಲಲ್ಲಿ ದಿಕ್ಕುಗಾಣದೆ ನಿಂತ ಮುದುಕಿಗೆ ದಾರಿ ತೋರಿಸಲಿ. ಇದಕ್ಕೆ ಸರಕಾರದ ಆಜ್ಞೆ ಬೇಡ, ಚುನಾವಣೆ ಬೇಡ, ಹಣವೂ ಹೆಚ್ಚಾಗಿ ಬೇಡ. ಬೇಕಾದುದು ಒಂದೇ: ಮುಂದಿನ ಸಾಲಿನ ಕುರ್ಚಿಯನ್ನು ಬಿಟ್ಟು ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುವ ಮನಸ್ಸು. ಪಿಂಚಣಿಯು ಮಾಡಿದ ಸೇವೆಗೆ ಬಂದ ಪ್ರತಿಫಲವು ನಿಜ; ಆದರೆ ಸೇವೆಯಲ್ಲಿ ಗಳಿಸಿದ ಅನುಭವವು ಜನರ ದುಡ್ಡಿನಿಂದ ಬಂದ ಜನರ ಸ್ವತ್ತು. ಅದನ್ನು ಜನರಿಗೆ ಹಿಂದಿರುಗಿಸುವುದು ಉಪಕಾರವಲ್ಲ, ಋಣಮುಕ್ತಿ.