ರಾತ್ರಿಯ ಮುದ್ದೆ ಬಿಡಿಸಬೇಡಿ

ಗಡಿಯ ಈಚೆ ಇರುವ ನಮಗೆ ಕನ್ನಡದಲ್ಲಿ ಏನು ಬೇಕಾದರೂ ಕಾಯಲೇಬೇಕು. ಪಠ್ಯಪುಸ್ತಕಕ್ಕೆ ಕಾಯಬೇಕು, ಖಾಲಿ ಹುದ್ದೆಗೆ ಮೇಷ್ಟ್ರು ಬರಲಿ ಅಂತ ಕಾಯಬೇಕು. ಆದರೆ ಒಂದು ಉಪದೇಶ ಮಾತ್ರ ಒಂದು ದಿನವೂ ಕಾಯಿಸದೆ, ಅಚ್ಚ ಕನ್ನಡದಲ್ಲಿ, ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ಮೊಬೈಲಿಂದ ಮೊಬೈಲಿಗೆ ಬಂದು ಬೀಳುತ್ತಿದೆ. ಸಂಜೆ ಆರರ ಮೇಲೆ ಬಾಯಿ ಕಟ್ಟಿ, ಹದಿನಾರು ಗಂಟೆ ಹೊಟ್ಟೆ ಖಾಲಿ ಬಿಡಿ, ತೂಕ ತಾನಾಗಿ ಇಳಿಯುತ್ತೆ! ಇದರ ಹೆಸರು ಇಂಟರ್‌ಮಿಟೆಂಟ್ ಫಾಸ್ಟಿಂಗ್ ಅಂತೆ.

ದೊಡ್ಡವರು ಮಾಡಿಕೊಳ್ಳಲಿ, ಅವರ ಹೊಟ್ಟೆ ಅವರಿಷ್ಟ. ನನ್ನ ತಕರಾರು ಬೇರೆ. ಸ್ಟಾಫ್ ರೂಮಿನ ಈ ಮಾತು ಈಗ ತರಗತಿಗೆ ಇಳಿದಿದೆ. "ರಾತ್ರಿ ಊಟ ಬಿಟ್ಟಿದ್ದೀನಿ ಸಾರ್, ದಪ್ಪ ಆಗ್ತೀನಿ" ಅಂತ ಎಂಟನೇ ತರಗತಿಯ ಹುಡುಗಿಯೊಬ್ಬಳು ನನಗೇ ಹೇಳಿದ್ದಾಳೆ. ಹಾಗೆ ಹೇಳಿದವಳು ಕೈ ಎತ್ತಿದರೆ ಬಳೆ ಮೊಣಕೈವರೆಗೆ ಜಾರುತ್ತಿತ್ತು.

ಇಂಥ ಹುಡುಗಿಯ ಲೆಕ್ಕ ಸ್ವಲ್ಪ ಹಾಕಿ ನೋಡೋಣ. ಬೆಳಿಗ್ಗೆ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಬರೀ ಟೀ. ಮಧ್ಯಾಹ್ನ ಶಾಲೆಯ ಬಿಸಿಯೂಟ. ರಾತ್ರಿ ಉಪವಾಸ. ಮಾರನೇ ದಿನ ಬೆಳಿಗ್ಗೆ ಮತ್ತೆ ಟೀ. ಇದು ಹದಿನಾರು ಗಂಟೆಯ ಉಪವಾಸವಲ್ಲ ಸ್ವಾಮಿ, ಇಪ್ಪತ್ನಾಲ್ಕು ಗಂಟೆಯದು! 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ ಸುಮಾರು 2400 ಕ್ಯಾಲೊರಿ ಬೇಕು ಅನ್ನುತ್ತದೆ 2020ರ ಐಸಿಎಂಆರ್ ಲೆಕ್ಕ. 6ರಿಂದ 8ನೇ ತರಗತಿಯ ಬಿಸಿಯೂಟಕ್ಕೆ ನಿಗದಿಯಾಗಿರುವುದು 700 ಕ್ಯಾಲೊರಿ, 20 ಗ್ರಾಂ ಪ್ರೋಟೀನು. ಮಿಕ್ಕ 1700 ಮನೆಯಿಂದಲೇ ಬರಬೇಕು. ಬೆಳಿಗ್ಗೆ ಟೀ, ರಾತ್ರಿ ನೀರು ಅಂದರೆ ಅದು ಎಲ್ಲಿಂದ ಬರುತ್ತದೆ? ಮೂಳೆ, ರಕ್ತ, ಎತ್ತರ ಎಲ್ಲ ಬೆಳೆಯುವ ವಯಸ್ಸು ಅದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಇವರಿಗೆ ನಾವು ಉಪವಾಸ ಕಲಿಸಬೇಕೇ?

"ನಮ್ಮ ಹಿರಿಯರೂ ಮಾಡ್ತಿದ್ದರಲ್ಲ ಮೇಷ್ಟ್ರೇ" ಅನ್ನುತ್ತಾರೆ. ಹೌದು, ಮಾಡುತ್ತಿದ್ದರು. ಒಪ್ಪೊತ್ತು ಇತ್ತು, ಏಕಾದಶಿ ಇತ್ತು. ಆದರೆ ಏಕಾದಶಿಯ ಹಿಂದೆಯೇ ದ್ವಾದಶಿಯ ಪಾರಣೆಯೂ ಇತ್ತು. ಜೈನರು ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ, ನಿಜ. ಅದಕ್ಕೇ ಮುಳುಗುವ ಮೊದಲೇ ಉಂಡು ಮುಗಿಸುತ್ತಾರೆ. ರಾತ್ರಿಯ ಊಟವನ್ನು ಅವರು ಸಂಜೆಗೆ ತಂದರೇ ಹೊರತು ಬಿಡಿಸಲಿಲ್ಲ. ರಂಜಾನ್ ಉಪವಾಸದಲ್ಲಿ ಚಿಕ್ಕ ಮಕ್ಕಳಿಗೆ, ಕಾಯಿಲೆಯವರಿಗೆ, ಬಸುರಿಯರಿಗೆ ವಿನಾಯಿತಿ ಇದೆ. ಹಳೆಯ ವ್ರತಗಳಲ್ಲಿ ಯಾರು ಮಾಡಬಾರದು ಅನ್ನುವುದೂ ಸೇರಿತ್ತು. ಮೊಬೈಲಿನ ವ್ರತದಲ್ಲಿ ಅದೊಂದೇ ಇಲ್ಲ.

ಇನ್ನು ವಿಜ್ಞಾನದ ಮಾತು. 2020ರಲ್ಲಿ ಅಮೆರಿಕದಲ್ಲಿ 116 ಮಂದಿ ದಪ್ಪ ಮೈಯವರ ಮೇಲೆ ಹನ್ನೆರಡು ವಾರ ಒಂದು ಪ್ರಯೋಗ ನಡೆಯಿತು. ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರೊಳಗೆ ಮಾತ್ರ ಉಂಡವರಿಗೂ ಮೂರು ಹೊತ್ತು ಉಂಡವರಿಗೂ ತೂಕ ಇಳಿದದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2022ರಲ್ಲಿ ಚೀನಾದ ಗುವಾಂಗ್‌ಝೌನಿಂದ ಇನ್ನೊಂದು ವರದಿ ಬಂತು. 139 ಮಂದಿ, ಒಂದು ವರ್ಷ. ಎರಡೂ ಗುಂಪಿನವರು ಊಟ ಕಡಿಮೆ ಮಾಡಿದರು. ಒಂದು ಗುಂಪು ಮಾತ್ರ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಉಣ್ಣಬೇಕಿತ್ತು. ಗಡಿಯಾರ ನೋಡಿ ಉಂಡವರು ಇಳಿಸಿದ್ದು ಸರಾಸರಿ 8 ಕಿಲೋ, ನೋಡದವರು 6.3 ಕಿಲೋ. ಈ ಅಂತರ ಆಕಸ್ಮಿಕವೂ ಆಗಿರಬಹುದಾದಷ್ಟು ಚಿಕ್ಕದು. ಅಂದರೆ ಮೈ ಇಳಿಸಿದ್ದು ಮುಖ್ಯವಾಗಿ ತಟ್ಟೆ, ಗಡಿಯಾರವಲ್ಲ. ಇನ್ನು ನೊಬೆಲ್ ಹೆಸರು ಹೇಳುವವರಿಗೆ: 2016ರಲ್ಲಿ ಯೊಶಿನೊರಿ ಒಸುಮಿಗೆ ಪ್ರಶಸ್ತಿ ತಂದ ಆಟೋಫೇಜಿ ಪ್ರಯೋಗಗಳು ನಡೆದದ್ದು ಯೀಸ್ಟ್ ಮೇಲೆ. ನಮ್ಮ ಮಕ್ಕಳು ಯೀಸ್ಟ್ ಅಲ್ಲ.

ಬೇಗ ಉಣ್ಣುವುದು ಒಳ್ಳೆಯದು ಅನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಅದೇ 2022ರಲ್ಲಿ ಬಾಸ್ಟನ್ನಿನಲ್ಲಿ 16 ಮಂದಿಯ ಮೇಲೆ ನಡೆದ ಚಿಕ್ಕ ಅಧ್ಯಯನದಲ್ಲಿ ನಾಲ್ಕು ಗಂಟೆ ತಡವಾಗಿ ಉಂಡಾಗ ಹಸಿವು ಹೆಚ್ಚಿತು, ಮೈ ಸುಡುವ ಶಕ್ತಿ ತಗ್ಗಿತು. ದೀಪ ಹಚ್ಚುವ ಹೊತ್ತಿಗೆ ಉಣ್ಣಿ ಅಂತ ನಮ್ಮ ಅಜ್ಜಿಯರೂ ಹೇಳಿದ್ದು ಅದನ್ನೇ. ಆದರೆ ಗಾರ್ಮೆಂಟ್ಸ್‌ನಿಂದ ಅಮ್ಮ ಮನೆ ಸೇರುವುದೇ ಏಳು ಗಂಟೆಗೆ ಆದರೆ ಒಲೆ ಹತ್ತುವುದು ಎಷ್ಟಕ್ಕೆ? ಆರರ ನಿಯಮ ಅಡಿಗೆಯವರನ್ನು ಇಟ್ಟುಕೊಂಡವರಿಗೆ ಸರಿ. ಎಂಟಕ್ಕೆ ಅಡಿಗೆ ಆಗುವ ಮನೆಯಲ್ಲಿ ಆರರ ನಿಯಮ ಅಂದರೆ ಮಗು ಹಸಿದು ಮಲಗುವುದು, ಅಷ್ಟೇ.

ಎಷ್ಟು ಕಡಿಮೆ ಉಂಡರೆ ಸಾಕು ಅಂತ ಹೊರಗಿನವರು ನಮಗೆ ಲೆಕ್ಕ ಹಾಕಿಕೊಡುತ್ತಿರುವುದು ಇದೇ ಮೊದಲಲ್ಲ. ನಮ್ಮ ಈ ಸೀಮೆ ಇನ್ನೂ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1876-78ರ ಧಾತು ಈಶ್ವರ ಬರದಲ್ಲಿ, ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಸಾಕು ಅಂತ ರಿಚರ್ಡ್ ಟೆಂಪಲ್ ಲೆಕ್ಕ ಹಾಕಿದ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಅದನ್ನು ವಿರೋಧಿಸಿದ. ಇಷ್ಟರಲ್ಲಿ ದುಡಿಯುವ ದೇಹ ಉಳಿಯುವುದಿಲ್ಲ ಅನ್ನುವುದು ಅವನ ವಾದ. ಬರ ಕಂಡ ಸೀಮೆ ನಮ್ಮದು. ಇಲ್ಲಿ ಹಸಿವನ್ನು ಫ್ಯಾಷನ್ ಮಾಡುವ ಮೊದಲು ಸ್ವಲ್ಪ ಯೋಚಿಸಬೇಕು.

ಹಾಗಾದರೆ ದಪ್ಪ ಮಕ್ಕಳೇ ಇಲ್ಲವೇ? ಇದ್ದಾರೆ, ಹಿಂದೂಪುರ ಪಟ್ಟಣದಲ್ಲಿ ಇದ್ದಾರೆ. ಅವರಿಗೂ ಉಪವಾಸ ಮದ್ದಲ್ಲ. ಹದಿಹರೆಯದವರು ಡಯಟ್ ಮಾಡಬಾರದು, ಊಟ ಬಿಡಬಾರದು, ಮನೆಯವರ ಜೊತೆ ಕೂತು ಉಣ್ಣಬೇಕು ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘವೇ 2016ರಲ್ಲಿ ಹೇಳಿದೆ. ಬಿಡಿಸಬೇಕಾದದ್ದು ಸಂಜೆ ಐದರ ಬಜ್ಜಿ, ಕುರುಕುಲು ಪ್ಯಾಕೆಟ್ಟು, ಬಣ್ಣದ ಪಾನೀಯ. ರಾತ್ರಿಯ ಮುದ್ದೆ ಸೊಪ್ಪಿನ ಸಾರನ್ನಲ್ಲ.

ನಾನು ಕೇಳುವುದು ಮೂರೇ. ಮೇಷ್ಟ್ರುಗಳೇ, ಟೀಚರುಗಳೇ, ನಿಮ್ಮ ತೂಕದ ಕಥೆ ಸ್ಟಾಫ್ ರೂಮಿನಲ್ಲೇ ಇರಲಿ, ತರಗತಿಯಲ್ಲಿ ಯಾವ ಮಗುವನ್ನೂ 'ಗುಂಡಮ್ಮ' ಅನ್ನಬೇಡಿ. ಅಪ್ಪ ಅಮ್ಮಂದಿರೇ, ಬೆಳಿಗ್ಗೆ ಏನೂ ಆಗದಿದ್ದರೆ ಒಂದು ಲೋಟ ರಾಗಿ ಅಂಬಲಿ ಕುಡಿಸಿ ಕಳಿಸಿ, ರಾತ್ರಿ ಆದಷ್ಟು ಬೇಗ, ಆದರೆ ಹೊಟ್ಟೆ ತುಂಬ ಬಡಿಸಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ನೋ ಮಾತ್ರೆಯೋ ತೆಗೆದುಕೊಳ್ಳುವ ದೊಡ್ಡವರೇ, ಡಾಕ್ಟರನ್ನು ಕೇಳದೆ ಊಟ ಬಿಡಬೇಡಿ, ಸಕ್ಕರೆ ಇದ್ದಕ್ಕಿದ್ದಂತೆ ಇಳಿದರೆ ಜೀವಕ್ಕೇ ಅಪಾಯ.

ಖಾಲಿ ಹೊಟ್ಟೆಯ ಮಗುವಿನ ತಲೆಗೆ ಕನ್ನಡವೂ ಹತ್ತುವುದಿಲ್ಲ, ಗಣಿತವೂ ಹತ್ತುವುದಿಲ್ಲ. ಗಡಿ ಶಾಲೆಯ ಮಕ್ಕಳಿಗೆ ಇರುವ ಕೊರತೆಗಳೇ ಸಾಕಷ್ಟಿವೆ. ಅದರ ಮೇಲೆ ರಾತ್ರಿಯ ಊಟವನ್ನೂ ಕಿತ್ತುಕೊಳ್ಳಬೇಡಿ.