ಕರೆಂಟಿಗೂ ಒಬ್ಬ ನೀರಗಂಟಿ ಬೇಕು

ತ್ರೀ ಫೇಸ್ ಬಂದ ಮೊದಲ ಐದು ನಿಮಿಷವೇ ನಮ್ಮ ಮೋಟ್ರುಗಳಿಗೆ ಗಂಡಾಂತರ. ಎಲ್ಲರ ಸ್ಟಾರ್ಟರ್‌ನಲ್ಲೂ ಆಟೋ ಸ್ವಿಚ್ ಆನ್ ಇರುತ್ತೆ. ಕರೆಂಟ್ ಬಂದ ಕೂಡಲೇ ಒಂದು ಟಿಸಿಗೆ ಸೇರಿದ ಮೋಟ್ರುಗಳೆಲ್ಲ ಒಟ್ಟಿಗೆ ಶುರುವಾಗೋಕೆ ಹೋಗ್ತವೆ. ವೋಲ್ಟೇಜ್ ಕುಸಿಯುತ್ತೆ, ರಿಲೇ ಟ್ರಿಪ್ ಆಗುತ್ತೆ, ಟಿಸಿ ಫ್ಯೂಸ್ ಹೋಗುತ್ತೆ. ಬೈಗುಳ ಮಾತ್ರ ಲೈನ್‌ಮ್ಯಾನ್‌ಗೆ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಲೋ ವೋಲ್ಟೇಜ್‌ಗೆ ವಿದ್ಯುತ್ ಕಂಪನಿ ಒಂದೇ ಕಾರಣ ಅಲ್ಲ. ಪರಿಹಾರದ ದೊಡ್ಡ ಪಾಲು, ಟಿಸಿ ಹಂಚಿಕೊಂಡಿರುವ ರೈತರ ಕೈಯಲ್ಲೇ ಇದೆ.

ಲೆಕ್ಕ ನೋಡಿ. 63 ಕೆವಿಎ ಟಿಸಿ 415 ವೋಲ್ಟ್‌ನಲ್ಲಿ ಒಂದು ಫೇಸಿಗೆ ಕೊಡಬಲ್ಲದ್ದು ಸುಮಾರು 88 ಆಂಪ್ಸ್. 5 ಎಚ್‌ಪಿ ಮೋಟ್ರು ಓಡುವಾಗ ಸುಮಾರು 8 ಆಂಪ್ಸ್ ಎಳೆಯುತ್ತೆ ಅಂತಿಟ್ಟುಕೊಳ್ಳಿ. ಹತ್ತು ಮೋಟ್ರಿಗೆ 80, ಟಿಸಿ ತಡೆಯುತ್ತೆ. ಆದರೆ ಡೈರೆಕ್ಟ್ ಸ್ಟಾರ್ಟರ್‌ನಲ್ಲಿ ಶುರುವಾಗುವ ಕ್ಷಣ ಅದೇ ಮೋಟ್ರು ಸುಮಾರು ಆರು ಪಟ್ಟು, ಅಂದ್ರೆ 48 ಆಂಪ್ಸ್ ಕೇಳುತ್ತೆ. ಹತ್ತೂ ಒಟ್ಟಿಗೆ ಕೇಳಿದರೆ 480! ಒಂದಾದ ಮೇಲೆ ಒಂದು ಶುರುವಾದರೆ, ಕೊನೆಯ ಮೋಟ್ರಿನ ಸರದಿಯಲ್ಲೂ ಬೇಕಾಗೋದು ಸುಮಾರು 120, ಅದೂ ಕೆಲವೇ ಸೆಕೆಂಡು.

ವೋಲ್ಟೇಜ್ 415ರಿಂದ 332ಕ್ಕೆ ಇಳಿದರೆ ಐದರಲ್ಲಿ ಒಂದು ಪಾಲು ಹೋದಂತೆ. ಆದರೆ ಮೋಟ್ರು ತಿರುಗೋ ಬಲ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಡಿಮೆಯಾಗುತ್ತೆ. ಎದ್ದೇಳೋಕೆ ಒದ್ದಾಡಿದಷ್ಟು ಹೊತ್ತೂ ವೈಂಡಿಂಗ್ ಕಾಯುತ್ತೆ. ಹೇಗೋ ಓಡಿದರೂ ಅದೇ ನೀರೆತ್ತೋಕೆ ಹೆಚ್ಚು ಕರೆಂಟ್ ಎಳೆಯುತ್ತೆ. ಕರೆಂಟ್ ಕಾಲು ಭಾಗ ಹೆಚ್ಚಾದರೆ ಬಿಸಿ ಒಂದೂವರೆ ಪಟ್ಟು ದಾಟುತ್ತೆ. ಇಂಥ ಹೊತ್ತಲ್ಲಿ ರಿಲೇ ಸೆಟ್ಟಿಂಗ್ ಏರಿಸಿ ಮೋಟ್ರು ಓಡಿಸೋದು ಜಾಣತನ ಅಲ್ಲ, ರೀವೈಂಡಿಂಗ್ ಅಂಗಡಿಗೆ ಅಡ್ವಾನ್ಸ್ ಕೊಟ್ಟಂತೆ.

ಹಾಗಾದ್ರೆ ಏನು ಮಾಡೋದು?

ಮೊದಲು ತೊಂದರೆ ಎಲ್ಲಿದೆ ಅಂತ ಪತ್ತೆ ಮಾಡಿ. ಮೋಟ್ರು ಆನ್ ಮಾಡೋ ಮೊದಲು, ಆನ್ ಆಗಿ ಸ್ವಲ್ಪ ಹೊತ್ತಾದ ಮೇಲೆ ಪ್ಯಾನಲ್ ಬೋರ್ಡಿನ ಮೀಟರ್ ಫೋಟೋ ತೆಗೀರಿ. ಮೊದಲೇ ವೋಲ್ಟೇಜ್ ಕಡಿಮೆ ಇದ್ದರೆ ಲೈನು ಅಥವಾ ಟಿಸಿಯ ಸಮಸ್ಯೆ. ನಿಮ್ಮ ಮೋಟ್ರು ಒಂದೇ ಆನ್ ಆದಾಗಲೂ ಜೋರಾಗಿ ಬಿದ್ದರೆ ನಿಮ್ಮ ಸರ್ವಿಸ್ ವೈರು, ಜಾಯಿಂಟು ನೋಡಿಸಿ. ದೂರದ ಬೋರ್‌ಗೆ ಸಣ್ಣ ವೈರು ಎಳೆದರೆ ವೋಲ್ಟೇಜ್ ದಾರಿಯಲ್ಲೇ ಸೋರುತ್ತೆ.

ಎರಡನೆಯದು, ಸ್ಟಾರ್ಟರ್‌ಗೆ ಡಿಲೇ ಟೈಮರ್. ಟಿಸಿಗೊಂದು ವಾಟ್ಸ್ಆ್ಯಪ್ ಗುಂಪು ಮಾಡಿ ಸರದಿ ಬರೆದುಕೊಳ್ಳಿ: ಮೊದಲನೆಯವರಿಗೆ 30 ಸೆಕೆಂಡ್, ಎರಡನೆಯವರಿಗೆ 60, ಮೂರನೆಯವರಿಗೆ 90. ಹತ್ತನೆಯವರ ಮೋಟ್ರು ಐದು ನಿಮಿಷಕ್ಕೆ ಆನ್ ಆಗಿರುತ್ತೆ. 7 ಗಂಟೆ ಕರೆಂಟಿನಲ್ಲಿ ಐದು ನಿಮಿಷ ದೊಡ್ಡ ನಷ್ಟವಾ?

ಮೂರನೆಯದು ಕೆಪಾಸಿಟರ್. 5 ಎಚ್‌ಪಿಗೆ 2 ಕೆವಿಎಆರ್, 7.5ಕ್ಕೆ 3, 10ಕ್ಕೆ 4 ಸಾಮಾನ್ಯವಾಗಿ ಹಾಕುವ ಅಳತೆ. ಪವರ್ ಫ್ಯಾಕ್ಟರ್ 0.75ರಿಂದ 0.9ಕ್ಕೆ ಬಂದರೆ ಲೈನಿನ ಕರೆಂಟ್ ಆರರಲ್ಲಿ ಒಂದು ಪಾಲು ಇಳಿಯುತ್ತೆ. ಇದನ್ನ ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಟಿಸಿ ಫ್ಯೂಸ್‌ಗಂತೂ ಯಾರೂ ಕೈ ಹಾಕಬೇಡಿ. ಜೀವಕ್ಕಿಂತ ಬೆಳೆ ದೊಡ್ಡದಲ್ಲ.

ಓಡುತ್ತಿರುವಾಗಲೂ ಟಿಸಿ ಮೇಲೆ ಓವರ್‌ಲೋಡ್ ಇದ್ದರೆ ಎರಡು ಪಾಳಿ ಮಾಡಿಕೊಳ್ಳದೆ ಬೇರೆ ದಾರಿ ಇಲ್ಲ. ಡ್ರಿಪ್, ಮುಚ್ಚಿಗೆ ಇರೋ ತೋಟದವರಿಗೆ ಮೂರೂವರೆ ಗಂಟೆ ನೀರು ಬಹುತೇಕ ಸಾಕು. ತೆರೆದ ಕಾಲುವೆಯಲ್ಲಿ ಹಾಯಿಸೋರಿಗೆ ಕಷ್ಟ, ಒಪ್ತೀನಿ. ಅವರಿಗೆ ತೊಟ್ಟಿ ಅಥವಾ ಕೃಷಿ ಹೊಂಡ ಆಸರೆ.

"ನಾನೊಬ್ಬ ಕಾದರೆ ಪಕ್ಕದವನು ಕಾಯ್ತಾನಾ?" ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆನೇ. ಆದರೆ ಟಿಸಿ ಸುಟ್ಟರೆ ಕಾದವನ ಬೆಳೆ, ಕಾಯದವನ ಬೆಳೆ ಎರಡೂ ಒಣಗ್ತವೆ. ಹೂವಿನ ಹಂತದಲ್ಲಿರೋ ಟೊಮೆಟೊ ಹೊಸ ಟಿಸಿ ಬರೋ ತನಕ ಕಾಯಲ್ಲ. 5 ಎಚ್‌ಪಿ ಮಂಜೂರಾತಿ ಪಡೆದು 10 ಎಚ್‌ಪಿ ಇಳಿಸಿರೋರು ಇನ್ನಾದರೂ ಅದನ್ನ ಬರೆಸಬೇಕು. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗೆ ಕರೆಂಟ್ ಉಚಿತ. ಮುಚ್ಚಿಟ್ಟರೆ ಲೋಡ್ ಪುಸ್ತಕಕ್ಕೇ ಬರಲ್ಲ, ಪುಸ್ತಕದಲ್ಲಿ ಇಲ್ಲದ ಲೋಡಿಗೆ ದೊಡ್ಡ ಟಿಸಿ ಕೇಳೋದು ಹೇಗೆ?

ಹಾಗಂತ ಕಂಪನಿಯ ಜವಾಬ್ದಾರಿ ತಪ್ಪಲ್ಲ. ಸರಿಯಾದ ವೋಲ್ಟೇಜ್ ಕೊಡೋದು, ಹೆಚ್ಚುವರಿ ಟಿಸಿ ಹಾಕೋದು ಅವರದೇ ಕೆಲಸ. ಮೀಟರ್ ಫೋಟೋ, ಸಮಯ, ಮೋಟ್ರುಗಳ ಪಟ್ಟಿ ಇಟ್ಟುಕೊಂಡು 1912ಕ್ಕೆ ದೂರು ಕೊಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ, ಎಲ್ಲರೂ ಸಹಿ ಮಾಡಿ ಅರ್ಜಿ ಹಾಕಿ. ಸರದಿ ಪಾಲಿಸಿದರೂ ವೋಲ್ಟೇಜ್ ಬರ್ತಿಲ್ಲ ಅಂತ ದಾಖಲೆ ಸಮೇತ ಕೇಳಿದರೆ ಆ ಮಾತಿಗೆ ತೂಕ ಜಾಸ್ತಿ.

ಹಿಂದೆ ಕೆರೆ ತೂಬಿನ ಹತ್ತಿರ ನೀರಗಂಟಿ ಇರ್ತಿದ್ದ. ಯಾರ ಗದ್ದೆಗೆ ಯಾವಾಗ ನೀರು ಅಂತ ಅವನು ಹೇಳಿದಂತೆ ನಡೀತಿತ್ತು. ಟಿಸಿಯೂ ಒಂದು ತೂಬೇ. ಈ ವಾರವೇ ನಿಮ್ಮ ಟಿಸಿಗೆ ಸೇರಿದವರನ್ನ ಕರೆದು ಸರದಿ ಪಟ್ಟಿ ಮಾಡಿ. ನೀರಗಂಟಿ ಕೆಲಸ ನೀವೇ ವಹಿಸಿಕೊಳ್ಳಿ.